ಗುಳಿಗೆ ಎಲ್ಲಿಡ್ತೀರಿ? ಒಬ್ಬ ಕೌನ್ಸೆಲರ್ ಅನುಭವ

ಹೋದ ತಿಂಗಳ ಮೀಟಿಂಗಿನಲ್ಲಿ ನಮ್ಮ ಡಾಕ್ಟರು ವೈರಲ್ ಲೋಡ್ (ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಅನ್ನೋ ಲೆಕ್ಕ) ಲಿಸ್ಟ್ ಮೇಲಿಂದ ಕೆಳಗೆ ಎರಡು ಸಲ ಓದಿದರು. ಆಮೇಲೆ "ಮೇಡಂ, ಈ ಹಳೇ ಮಂದಿ ಎಲ್ಲ ಟಿಎನ್‌ಡಿ ಹೆಂಗಾದ್ರು?" ಎಂದರು. ಟಿಎನ್‌ಡಿ ಅಂದರೆ ಟೆಸ್ಟಿನಲ್ಲಿ ವೈರಸ್ ಸಿಗಲೇ ಇಲ್ಲ ಅಂತ. ನಾನು ಸುಮ್ನೆ ಚಹಾ ಕುಡಿಯುತ್ತಾ ಕೂತಿದ್ದೆ. ಎರಡು ವರ್ಷದ ಹಿಂದೆ ಇದೇ ಟೇಬಲ್ ಸುತ್ತ ಕೂತವರು ನನ್ನ ನೋಟ್‌ಬುಕ್ ನೋಡಿ ನಕ್ಕಿದ್ದರು. "ಯಾರ ಗುಳಿಗಿ ಎಲ್ಲಿ ಐತಿ ಅಂತ ಬರಕೊಳ್ಳಾಕ ನೀವೇನು ಸಿಐಡಿ ಏನ್ರಿ?" ಅಂತ ಒಬ್ಬರು ಕೇಳಿದ್ದೂ ನೆನಪಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೌನ್ಸೆಲರ್. ಈ ಕೆಲಸಕ್ಕೆ ಬಂದು 14 ವರ್ಷ ದಾಟಿತು. ಹಳೇ ಎಚ್‌ಐವಿ ಗುಳಿಗೆಗಳ ಕಾಲದಲ್ಲಿ ಸ್ಟಾವುಡಿನ್ ತಿಂದು ಗಲ್ಲ ಒಳಗೆ ಹೋದವರನ್ನು ನೋಡಿದ್ದೇನೆ. ಜಿಡೋವುಡಿನ್‌ಗೆ ರಕ್ತ ಕಡಿಮೆಯಾಗಿ ಉಗುರು ಕಪ್ಪಾದವರನ್ನು, ಎಫಾವಿರೆಂಜ್ ನುಂಗಿ ರಾತ್ರಿಯಿಡೀ ಕೆಟ್ಟ ಕನಸು ಕಂಡವರನ್ನೂ ನೋಡಿದ್ದೇನೆ. ಆಗೆಲ್ಲ ಗುಳಿಗೆ ಬಿಟ್ಟರೆ ಕಾರಣ ಹುಡುಕುವ ಕೆಲಸವೇ ಇರಲಿಲ್ಲ, ಮುಖ ನೋಡಿದರೆ ಸಾಕಿತ್ತು. ಟಿಎಲ್‌ಡಿ (ಡೊಲುಟೆಗ್ರಾವಿರ್ ಸೇರಿ ಮೂರು ಔಷಧ ಒಂದೇ ಗುಳಿಗೆಯಲ್ಲಿ) ಬಂದ ಮೇಲೆ ತಲೆಕೆಟ್ಟಿತು. ದಿನಕ್ಕೆ ಒಂದೇ ಗುಳಿಗೆ, ತೊಂದರೆ ಕಡಿಮೆ, ಪುಕ್ಕಟೆ ಬೇರೆ. ಆದರೂ 2022ರಲ್ಲಿ ನನ್ನ ಪಾಲಿಗೆ ಬಂದ ಲಿಸ್ಟ್‌ನಲ್ಲಿ ಸಾವಿರ ಕಾಪಿ (ಒಂದು ಎಂಎಲ್‌ನಲ್ಲಿ ವೈರಸ್ ಎಣಿಕೆ) ಮೇಲಿದ್ದವರು ಹತ್ತಿರ ಹತ್ತಿರ 50 ಜನ. ಎಲ್ಲರೂ ಟಿಎಲ್‌ಡಿಗೆ ಬದಲಾಗಿ ವರ್ಷವಾದವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ "ಅದು ಡೊಲುಟೆಗ್ರಾವಿರ್ ಕೆಲಸ, ನಿಮ್ಮದಲ್ಲ" ಅನ್ನುವವರು ಇದ್ದೇ ಇದ್ದಾರೆ. ಔಷಧ ಒಳ್ಳೆಯದೇ ರೀ. ಆದರೆ ಹೊಟ್ಟೆಗೆ ಹೋಗಬೇಕಲ್ವಾ?

ಮೊದಲು ನಾನು ಮಾಡಿದ ದಡ್ಡತನಗಳು.

ಗುಳಿಗೆ ಎಣಿಸಿದೆ. ಎಲ್ಲರೂ ಎಣಿಸುತ್ತೇವೆ. ಒಬ್ಬ ಹೆಣ್ಣುಮಗಳು ಪ್ರತಿ ತಿಂಗಳೂ ಖಾಲಿ ಬಾಟಲಿ ತಂದು ಟೇಬಲ್ ಮೇಲೆ ಕುಟ್ಟಿ ಇಡುತ್ತಿದ್ದಳು. ನೂರಕ್ಕೆ ನೂರು. ರೋಗಿ ಕೈಯಲ್ಲಿರುವ ಗ್ರೀನ್ ಬುಕ್‌ನಲ್ಲಿ ನಾನೇ ಚೆಂದಾಗಿ ಬರೆದಿದ್ದೇನೆ. ವೈರಲ್ ಲೋಡ್ ಬಂತು, ಲಕ್ಷದ ಮೇಲೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಬಸ್ಸು ಗದ್ದನಕೇರಿ ಕ್ರಾಸ್ ದಾಟುವಾಗ ಉಳಿದದ್ದನ್ನೆಲ್ಲ ಕಿಟಕಿಯಿಂದ ಸುರಿಯುತ್ತಿದ್ದಳಂತೆ. "ನೀವು ಬೈತೀರಂತ ರೀ ಅಕ್ಕಾರ" ಅಂದಳು. ನನ್ನ ಎಣಿಕೆಯೇ ಆಕೆಗೆ ಸುಳ್ಳು ಕಲಿಸಿತ್ತು.

ಮೊಬೈಲ್ ಅಲಾರಂ ಇಟ್ಟುಕೊಟ್ಟೆ. ರಾತ್ರಿ 9ಕ್ಕೆ ಮನೆಯವರೆಲ್ಲ ಧಾರಾವಾಹಿ ನೋಡುವಾಗ ಹಾಡು ಬಾರಿಸಿದರೆ ಏನಾಗುತ್ತೆ ಹೇಳಿ. ಒಬ್ಬ ಹುಡುಗನಿಗೆ ಅಣ್ಣ ದಿನಾ ಕೇಳುತ್ತಿದ್ದನಂತೆ, "ಯಾರ ಫೋನೋ ಅದು, ಹುಡುಗಿದೇನು?" ಅಂತ. ಹುಡುಗ ಅಲಾರಂ ತೆಗೆದ, ಅದರ ಜೊತೆ ಗುಳಿಗೆಯೂ ಹೋಯಿತು. ಫೋನಿನ ಮೇಲೆ ನಂಬಿಕೆ ಇಡಬಾರದು ಅಂತ ನನಗೆ ಮೊದಲೇ ತಿಳಿಯಬೇಕಿತ್ತು. ದಕ್ಷಿಣ ಭಾರತದಲ್ಲೇ 631 ಜನರ ಮೇಲೆ ಇದರ ದೊಡ್ಡ ಅಧ್ಯಯನ ಆಗಿ, 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ವಾರಕ್ಕೊಂದು ಕರೆ, ಒಂದು ಚಿತ್ರದ ಮೆಸೇಜು. 96 ವಾರ ನೋಡಿದರೂ ಫೋನ್ ಬಂದವರಿಗೂ ಬರದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಕೀನ್ಯಾದ ಒಂದು ಅಧ್ಯಯನದಲ್ಲಿ ಮೆಸೇಜು ಕೆಲಸ ಮಾಡಿತ್ತು. ಅಲ್ಲಿ ಗುಳಿಗೆ ಸುದ್ದಿಯೇ ಎತ್ತದೆ ವಾರಕ್ಕೊಮ್ಮೆ "ಹೇಗಿದ್ದೀರಿ?" ಅಂತ ಕೇಳುತ್ತಿದ್ದರು, ಉತ್ತರ ಬರದಿದ್ದರೆ ನರ್ಸ್ ಫೋನ್ ಮಾಡುತ್ತಿದ್ದರು. ಇದನ್ನು ನಾನು ಓದಿದ್ದು ಕೈ ಸುಟ್ಟುಕೊಂಡ ಮೇಲೆ.

ಕ್ಯಾಲೆಂಡರ್ ಟಿಕ್ ಪ್ರಯೋಗದ ಬಗ್ಗೆ ಹೇಳುವುದೇ ಬೇಡ. 30 ಟಿಕ್ಕೂ ಒಂದೇ ಪೆನ್ನು, ಒಂದೇ ಓಟ. ಬಸ್ ಸ್ಟ್ಯಾಂಡಿನಲ್ಲಿ ಕೂತು ಹಾಕಿದ್ದು.

ಮನೆ ಭೇಟಿಯದು ಮಾತ್ರ ಈಗಲೂ ಚುಚ್ಚುತ್ತೆ. ಕೊರಳಲ್ಲಿ ಐಡಿ ಕಾರ್ಡ್ ತೆಗೆಯಲು ಮರೆತು ಒಂದು ಓಣಿಗೆ ಹೋಗಿದ್ದೆ. ಪಕ್ಕದ ಮನೆಯವಳು ಕಾರ್ಡು ನೋಡಿದಳು, ಅಷ್ಟೇ. ಆ ಹೆಣ್ಣುಮಗಳು ಮೂರು ತಿಂಗಳು ಸೆಂಟರ್ ಕಡೆ ಮುಖ ಹಾಕಲಿಲ್ಲ. ಗುಟ್ಟು ಕಾಯಬೇಕು ಅನ್ನೋ ಕಾನೂನು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ಅದರ ಪೋಸ್ಟರನ್ನು ಗೋಡೆಗೆ ಅಂಟಿಸಿದವಳೂ ನಾನೇ!

ಇಷ್ಟಾದ ಮೇಲೆ ಒಂದು ದಿನ, ಬಸ್ ಕಿಟಕಿಯಿಂದ ಸುರಿಯುತ್ತಿದ್ದವಳನ್ನೇ ಕೂರಿಸಿಕೊಂಡು ಕೇಳಿದೆ. "ತಗೊಂಡ್ಯಾ ಇಲ್ಲಾ" ಅಂತ ಕೇಳಲಿಲ್ಲ. "ಬಾಟಲಿ ಮನ್ಯಾಗ ಎಲ್ಲಿ ಇರತೈತವಾ?" ಅಂದೆ. ಅರ್ಧ ತಾಸು ಮಾತಾಡಿದಳು. ಬಾಟಲಿ ಇದ್ದದ್ದು ಟ್ರಂಕಿನಲ್ಲಿ. ಟ್ರಂಕಿನ ಕೀಲಿ ಅತ್ತೆಯ ಸೊಂಟದಲ್ಲಿ. ಅತ್ತೆ ಹೊರಗೆ ಹೋದ ದಿನ ಕೀಲಿಯೂ ಹೋಗುತ್ತಿತ್ತು. ಅತ್ತೆ ಮನೆಯಲ್ಲಿದ್ದ ದಿನ ಬಾಟಲಿ ತೆಗೆದರೆ ಗಡಗಡ ಸದ್ದು. ಇದಕ್ಕೆ ನಾನು ಎರಡು ವರ್ಷ "ಮನೋಬಲ" ಕೌನ್ಸೆಲಿಂಗ್ ಕೊಟ್ಟಿದ್ದೆ!

ಅವತ್ತಿನಿಂದ ಲಿಸ್ಟ್‌ನ ಎಲ್ಲರಿಗೂ ನಾಲ್ಕೇ ಪ್ರಶ್ನೆ. ಎಲ್ಲಿ ಇಡ್ತೀರಿ. ತೆಗೆಯೋವಾಗ ಹತ್ತಿರ ಯಾರಿರ್ತಾರೆ. ನೀರು ಎಲ್ಲಿಂದ. ಆ ಜಾಗದಲ್ಲಿ ನೀವಿಲ್ಲದ ದಿನ ಯಾವುದು. ನಾಲ್ಕನೆಯದೇ ಮುಖ್ಯ. ಇದಕ್ಕೂ ಮೊದಲು ನಾನು ಒಂದು ಮಾತು ಹೇಳುತ್ತೇನೆ, ಅದನ್ನು ಕೇಳಿದ ಮೇಲೇ ಜನ ಬಾಯಿ ಬಿಡುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳಲು ಶುರು ಮಾಡಿದರೆ ಅದೂ ಪೋಸ್ಟರ್ ಆಗಿಬಿಡುತ್ತೆ.

ಬಂದ ಉತ್ತರಗಳು ಒಂದಕ್ಕಿಂತ ಒಂದು. ಜೋಳದ ಚೀಲದೊಳಗೆ. ಖಾರದ ಪುಡಿ ಡಬ್ಬಿ ಹಿಂದೆ. ದನದ ಕೊಟ್ಟಿಗೆಯ ಜಂತಿಯಲ್ಲಿ. ಬನಹಟ್ಟಿ ಕಡೆಯ ನೇಕಾರರೊಬ್ಬರು ಮಗ್ಗದ ಕೆಳಗಿನ ಗುಂಡಿಯಲ್ಲಿ ಇಟ್ಟಿದ್ದರು. ಮಗ್ಗ ನಿಂತ ದಿನ ಅವರು ಅಲ್ಲಿಗೆ ಇಳಿಯುವುದೇ ಇಲ್ಲ, ಹಾಗಾಗಿ ರಜೆಯ ದಿನವೆಲ್ಲ ಗುಳಿಗೆಗೂ ರಜೆ.

ನನಗೆ ಜಾಸ್ತಿ ಪಾಠ ಕಲಿಸಿದ್ದು ಒಬ್ಬ ಹಿರಿಯ ಹೆಣ್ಣುಮಗಳು. ಆಕೆಗೆ ನಾನೇ ಹೇಳಿಕೊಟ್ಟಿದ್ದೆ, ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ ಗುಳಿಗೆ ಅಂತ. ಒಂದು ದಿನವೂ ತಪ್ಪಲ್ಲ ಅಂತ ಹೆಮ್ಮೆ ನನಗೆ. ನಾಲ್ಕನೇ ಪ್ರಶ್ನೆ ಕೇಳಿದಾಗ ತಲೆ ತಗ್ಗಿಸಿದರು. ತಿಂಗಳಿಗೆ ನಾಲ್ಕು ದಿನ ಅವರು ದೀಪ ಹಚ್ಚುವುದಿಲ್ಲ, ದೇವರ ಜಗಲಿ ಹತ್ತಿರವೂ ಹೋಗುವುದಿಲ್ಲ. 30ರಲ್ಲಿ 4 ಹೋದರೆ ಎಷ್ಟಾಯಿತು? ನೂರಕ್ಕೆ 87. ನಾವು 95 ಬೇಕು ಅಂತ ಬಡಕೊಳ್ಳುವುದು. ಹೆಂಗಸಾಗಿ ನನಗೇ ಇದು ಹೊಳೆಯಲಿಲ್ಲ. ಈಗ ಅವರದು ಬೆಳಗಿನ ಚಹಾ ಜೊತೆ.

ಬೆಳಗಿಗೆ ಬದಲಾಯಿಸಿದ್ದೇ ಅರ್ಧ ಕೆಲಸ ಮಾಡಿತು ಅನ್ನಬಹುದು. ಎಫಾವಿರೆಂಜ್ ಕಾಲದ "ರಾತ್ರಿ ಮಲಗೋವಾಗ" ಅನ್ನೋ ಮಾತು ಜನರ ತಲೆಯಲ್ಲೂ ನಮ್ಮ ತಲೆಯಲ್ಲೂ ಕೂತುಬಿಟ್ಟಿತ್ತು. ಡೊಲುಟೆಗ್ರಾವಿರ್‌ಗೆ ಆ ಕಟ್ಟಲೆ ಇಲ್ಲ. ಒಂದೇ ಕೋಣೆಯ ಮನೆಯಲ್ಲಿ ರಾತ್ರಿ ಎಲ್ಲರೂ ಇರುತ್ತಾರೆ. ಬೆಳಿಗ್ಗೆ ಸ್ನಾನದ ಒಲೆಗೆ ಉರಿ ಹಾಕುವಾಗ ಒಬ್ಬರೇ ಇರುತ್ತೀರಿ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ತಗೊಳ್ಳುವವರಿಗೆ ಮಾತ್ರ ಹುಷಾರು. ಎರಡು ತಾಸು ಮೊದಲು ಟಿಎಲ್‌ಡಿ, ಆಮೇಲೆ ಕಬ್ಬಿಣ, ಕ್ಯಾಲ್ಸಿಯಂ. ಬಸುರಿಯರ ವಿಷಯದಲ್ಲಿ ನಾನು ಇದನ್ನು ಎರಡು ಸಲ ಹೇಳಿಸಿ ಕೇಳುತ್ತೇನೆ.

ಬಾಟಲಿ ಸದ್ದಿಗೆ ಹತ್ತಿ ತುರುಕಿಸಿ ನೋಡಿದೆ. ಪರವಾಗಿಲ್ಲ. ಆಮೇಲೆ ಅತಿ ಬುದ್ಧಿ ಓಡಿಸಿ ಸಂತೆಯಲ್ಲಿ 15 ರೂಪಾಯಿಗೊಂದರಂತೆ 40 ಸಣ್ಣ ಡಬ್ಬಿ ತಂದೆ. ಕುಂಕುಮದ ಡಬ್ಬಿ ಥರ ಕಾಣುವವು. ಇಡೀ ತಿಂಗಳ ಗುಳಿಗೆ ಅದರಲ್ಲಿ ಹಾಕಿಸಿದೆ. ಮಳೆಗಾಲದಲ್ಲಿ ಒಬ್ಬರು ತಂದು ತೋರಿಸಿದರು, ಗುಳಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿವೆ. ಬಾಟಲಿಯೊಳಗಿನ ತೇವ ಹೀರುವ ಪುಡಿಕೆ ಸುಮ್ನೆ ಇಟ್ಟಿರ್ತಾರಾ? ಡಾಕ್ಟರ ಕಡೆ ಬೈಸಿಕೊಂಡೆ, ಬೈಸಿಕೊಳ್ಳಬೇಕಾದ್ದೇ. ಈಗ ಡಬ್ಬಿಗೆ ಮೂರ್ನಾಲ್ಕು ದಿನದ್ದು ಮಾತ್ರ, ಉಳಿದದ್ದು ಲೇಬಲ್ ಕಿತ್ತ ಬಾಟಲಿಯಲ್ಲೇ, ಪುಡಿಕೆ ಸಮೇತ. ಬಾಟಲಿ ಎಲ್ಲಿ ಅನ್ನುವುದು ಬೇರೆ ಕಥೆ.

ನೋಟ್‌ಬುಕ್ ಆರು ತಿಂಗಳು ತುಂಬಿದ ಮೇಲೆ ಇನ್ನೊಂದು ಕಂಡಿತು. ಹೆಣ್ಣುಮಕ್ಕಳದು ಶ್ರಾವಣದಲ್ಲಿ ತಪ್ಪುತ್ತೆ. ಪಂಚಮಿಗೆ ತವರಿಗೆ ಹೋಗುತ್ತಾರೆ, ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ಅವನೆದುರು ಬಾಟಲಿ ಚೀಲಕ್ಕೆ ಹಾಕುವುದು ಹೇಗೆ? ಗಂಡಸರದು ದಸರೆ ಆದ ಮೇಲೆ, ಕಬ್ಬಿನ ಗ್ಯಾಂಗ್ ಜೊತೆ ಸಾಂಗ್ಲಿ, ಕೊಲ್ಹಾಪುರ ಕಡೆ ಹೋದಾಗ. ಗೋವಾಕ್ಕೆ ಹೋಗುವವರದು ವರ್ಷವಿಡೀ. ಹಾಗಾಗಿ ಪಂಚಮಿಗೆ ಮೂರು ವಾರ ಮೊದಲೇ ನಾನು "ಉಂಡಿ ಮಾಡಿದ್ರ್ಯಾ?" ಅಂತ ಫೋನ್ ಹಚ್ಚುತ್ತೇನೆ. ಗುಳಿಗೆ ಹೆಸರೇ ಎತ್ತುವುದಿಲ್ಲ. ಅವರಿಗೆ ಗೊತ್ತಾಗುತ್ತೆ.

ಕಬ್ಬಿನವರದೇ ದೊಡ್ಡ ತಲೆನೋವು. ವೈರಲ್ ಲೋಡ್ ಕಡಿಮೆ ಇದ್ದವರಿಗೆ ಮೂರು ತಿಂಗಳದು ಒಮ್ಮೆಲೇ ಕೊಡುತ್ತೇವೆ. ಜಾಸ್ತಿ ಇದ್ದವರು ತಿಂಗಳು ತಿಂಗಳು ಬರಬೇಕು. ಅಂದರೆ ಯಾರಿಗೆ ಬರುವುದು ಕಷ್ಟವೋ ಅವರೇ ಜಾಸ್ತಿ ಸಲ ಬರಬೇಕು! ಒಂದು ದಿನದ ಕೂಲಿ 400–500 ಹೋಯಿತು, ಮೇಲೆ ಬಸ್ ಚಾರ್ಜು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆದ ಮೇಲೆ ಅವರು ತಪ್ಪದೆ ಬರುತ್ತಾರೆ. ಒಬ್ಬ ಅಣ್ಣ "ಅಕ್ಕಾರ, ನನಗೂ ಒಂದು ಸೀರಿ ಉಡಸ್ರಿ" ಅಂದ. ಕಬ್ಬಿನ ಸೀಸನ್‌ಗೆ ಕೆಲವರಿಗೆ ಜಾಸ್ತಿ ಗುಳಿಗೆ ಕೊಡಲು ಡಾಕ್ಟರನ್ನು ಒಪ್ಪಿಸಿದೆ. ಹೇಗೆ ಅನ್ನುವುದು ನಮ್ಮಿಬ್ಬರ ನಡುವೆ ಇರಲಿ.

ನನ್ನ ಖರ್ಚೂ ಹೇಳಿಬಿಡುತ್ತೇನೆ. ಸ್ಕೂಟಿ ಪೆಟ್ರೋಲು, ಫೋನು, ಡಬ್ಬಿ, ಚಹಾ ಎಲ್ಲ ಸೇರಿ ಮೊದಲ ವರ್ಷ 11–12 ಸಾವಿರ ಕೈಯಿಂದ ಹೋಗಿರಬೇಕು. ಬಿಲ್ ಹಾಕಿದೆ, ರಸೀದಿ ಇಲ್ಲ ಅಂತ ವಾಪಸ್ ಬಂತು. ಸಂತೆಯಲ್ಲಿ ಡಬ್ಬಿ ಮಾರುವವನು ರಸೀದಿ ಕೊಡ್ತಾನಾ? ಮನೆಯವರು ಒಂದು ತಿಂಗಳು ಮಾತು ಬಿಟ್ಟಿದ್ದರು.

ಲೆಕ್ಕ ಹೀಗೆ, ನೆನಪಿನಿಂದ ಹೇಳುತ್ತಿದ್ದೇನೆ. 50ರಲ್ಲಿ 34 ಜನ ಸಾವಿರದ ಕೆಳಗೆ ಬಂದರು, ಅದರಲ್ಲಿ 20ಕ್ಕೂ ಜಾಸ್ತಿ ಟಿಎನ್‌ಡಿ. ಐದಾರು ಜನ ಗುಳಿಗೆ ಸರಿಯಾಗಿ ತಗೊಂಡರೂ ಇಳಿಯಲಿಲ್ಲ, ಅವರ ಕೇಸ್ ಸ್ಯಾಸೆಪ್ ಅನ್ನೋ ರಾಜ್ಯಮಟ್ಟದ ತಜ್ಞ ವೈದ್ಯರ ಸಮಿತಿಗೆ ಕಳಿಸಿದೆವು. ಇಬ್ಬರು ತೀರಿಕೊಂಡರು, ಒಬ್ಬರಿಗೆ ಟಿಬಿ. ಉಳಿದವರಲ್ಲಿ ಕೆಲವರು ಬೇರೆ ಸೆಂಟರ್‌ಗೆ ಹೋದರು, ನಾಲ್ಕು ಜನ ಈಗಲೂ ಲಿಸ್ಟ್‌ನಲ್ಲಿದ್ದಾರೆ.

ಮಾಡಿ ನೋಡುವವರಿಗೆ ಒಂದೇ ಮಾತು. ಗುಳಿಗೆ ಇಡುವ ಜಾಗವನ್ನು ಸೆಂಟರ್‌ನ ವೈಟ್ ಕಾರ್ಡ್‌ನಲ್ಲಿ (ರೋಗಿಯ ಚಿಕಿತ್ಸೆ ದಾಖಲೆ) ಬರೆಯಬೇಡಿ, ಹತ್ತು ಕೈ ಅದನ್ನು ತಿರುವಿ ಹಾಕುತ್ತವೆ. ನನ್ನ ನೋಟ್‌ಬುಕ್‌ನಲ್ಲಿ ಹೆಸರಿಲ್ಲ, ನಂಬರಿಲ್ಲ, ನನಗೆ ಮಾತ್ರ ಅರ್ಥವಾಗುವ ಗುರುತು ಇದೆ. ಟ್ರಂಕಿನವಳ ಪುಟದಲ್ಲಿ ಮಾತ್ರ ಜಾಗವೇ ಬರೆದಿಲ್ಲ. ಎರಡು ಸಲ ಟಿಎನ್‌ಡಿ ಬಂದಿದೆ. ಈಗ ಎಲ್ಲಿಡ್ತೀ ಅಂತ ಕೇಳಿದರೆ, "ನಿಮಗೂ ಹೇಳಂಗಿಲ್ರಿ ಅಕ್ಕಾರ" ಅಂತ ನಗುತ್ತಾಳೆ.