ಸೂಪರ್‌ವೈಸರ್ ಮೇಲೆ ದೂರು ಬರೆಯುವುದು ಹೇಗೆ: ಮೊದಲು ತಾರೀಖು, ಆಮೇಲೆ ಸಿಟ್ಟು

ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಾಗ ಮೂರು ವರ್ಷ ಅಲ್ಲಿನ ಆಂತರಿಕ ಸಮಿತಿಯಲ್ಲಿ ಸದಸ್ಯೆಯಾಗಿ ಕೂತಿದ್ದೆ. ಹೆಣ್ಣುಮಕ್ಕಳು ಕೊಟ್ಟ ಲೈಂಗಿಕ ಕಿರುಕುಳದ ದೂರುಗಳು ನಮ್ಮ ಮುಂದೆ ಬರುತ್ತಿದ್ದವು. ಬಿದ್ದುಹೋದ ದೂರುಗಳಲ್ಲಿ ಹೆಚ್ಚಿನವು ನಿಜವೇ ಅಂತ ನನಗೆ ಗೊತ್ತಿತ್ತು. ಆದರೆ ಅವುಗಳಲ್ಲಿ ತಾರೀಖು ಇರಲಿಲ್ಲ, ಜಾಗ ಇರಲಿಲ್ಲ, ಏನಂದ ಅನ್ನೋದು ಇರಲಿಲ್ಲ. 'ಸೂಪರ್‌ವೈಸರ್ ಸರಿಯಾಗಿ ನಡೆದುಕೊಳ್ಳಲ್ಲ' ಅಂತ ಒಂದು ಸಾಲು, ಕೆಳಗೆ ಸಹಿ. ಅಷ್ಟನ್ನು ಇಟ್ಟುಕೊಂಡು ಯಾರೂ ಏನೂ ಮಾಡಕ್ಕಾಗಲ್ಲ. ಅದಕ್ಕೇ ಇದನ್ನು ಬರೀತಿದ್ದೀನಿ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಮಕ್ಕಳ ಹಳೇ ನೋಟ್‌ಬುಕ್‌ನ ಕೊನೆ ಹಾಳೆಗಳಾದರೂ ನಡೆಯುತ್ತೆ. ಏನಾದರೂ ನಡೆದ ದಿನ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ತಾರೀಖು, ಹೊತ್ತು, ಜಾಗ, ಅವನು ಆಡಿದ ಮಾತು, ಹತ್ತಿರ ಯಾರಿದ್ದರು, ಇಷ್ಟನ್ನು ಬರೆದಿಡಿ. ಮಾತು ಹೊಲಸಾಗಿದ್ದರೆ ಹೊಲಸಾಗಿಯೇ ಬರೆಯಿರಿ. ನಮ್ಮವರು ನಾಚಿಕೊಂಡು 'ಕೆಟ್ಟ ಮಾತು ಆಡಿದರು' ಅಂತ ಬರೆದು ಬಿಡ್ತಾರೆ. ಆಮೇಲೆ ಅವನು ಬಂದು 'ಪ್ರೊಡಕ್ಷನ್ ಕಮ್ಮಿ ಬಂತು ಅಂತ ಬೈದೆ ಮೇಡಂ' ಅಂತಾನೆ, ಅಲ್ಲಿಗೆ ಮುಗೀತು.

ವಾಟ್ಸಾಪ್ ಮೆಸೇಜ್ ಬಂದಿದ್ದರೆ ಅಸಹ್ಯ ಆಯ್ತು ಅಂತ ಅಳಿಸಬೇಡಿ. ಅವನ ನಂಬರೂ ತಾರೀಖೂ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆ ಇರುವ ಇನ್ನೊಬ್ಬರ ಫೋನಿಗೂ ಕಳಿಸಿಡಿ.

ಏನೇನು ಈ ಕಾಯ್ದೆಯಲ್ಲಿ ಬರುತ್ತೆ? ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು ಬಂದ 2013ರ ಕಾಯ್ದೆ ಇದು. ಮೈ ಮುಟ್ಟುವುದು, 'ಒಂದಿನ ಹೊರಗೆ ಸಿಗು' ಅನ್ನುವುದು, ಮೈ ಬಗ್ಗೆ ಮಾತಾಡುವುದು, ಅಶ್ಲೀಲ ವಿಡಿಯೋ ತೋರಿಸುವುದು, ಸನ್ನೆ ಮಾಡುವುದು, ಎಲ್ಲಾ ಬರುತ್ತೆ. ಒಪ್ಪದಿದ್ದಕ್ಕೆ ಟಾರ್ಗೆಟ್ ಏರಿಸುವುದು, ರಜೆ ಕೊಡದೆ ಸತಾಯಿಸುವುದು, ಕೆಲಸದಿಂದ ತೆಗೀತೀನಿ ಅಂತ ಹೆದರಿಸುವುದೂ ಬರುತ್ತೆ. ಬರೀ ಕೆಲಸದ ವಿಷಯಕ್ಕೆ ಕೂಗಾಡಿದರೆ ಅದು ಬೇರೆ ಜಗಳ, ಈ ಸಮಿತಿಯದ್ದಲ್ಲ. ಕಂಪನಿ ಬಿಟ್ಟ ಬಸ್ಸೂ ಕೆಲಸದ ಜಾಗವೇ. ಮದ್ದೂರು, ರಾಮನಗರ ಕಡೆಯಿಂದ ಕಂಪನಿ ಬಸ್ಸಲ್ಲಿ ಓಡಾಡುವವರು ಇದನ್ನು ನೆನಪಿಡಿ. ಗುತ್ತಿಗೆ, ಟ್ರೈನಿ, ದಿನಗೂಲಿ, ಎಲ್ಲರೂ ದೂರು ಕೊಡಬಹುದು. ಮನೆಗೆಲಸದವರೂ ಕೊಡಬಹುದು.

ಈ ಕಾಯ್ದೆ ಆಕಾಶದಿಂದ ಉದುರಲಿಲ್ಲ ಬಿಡಿ. ರಾಜಸ್ಥಾನದ ಭಟೇರಿ ಅನ್ನೋ ಹಳ್ಳಿಯಲ್ಲಿ ಭಂವರಿ ದೇವಿ ಅಂತ ಒಬ್ಬರು ಸರ್ಕಾರಿ ಯೋಜನೆಯ ಕಾರ್ಯಕರ್ತೆ. ಕುಂಬಾರ ಜಾತಿಯವರು. ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಊರಿನ ಬಲಾಢ್ಯ ಜಾತಿಯವರು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ಕೆಳಗಿನ ಕೋರ್ಟು ಆ ಆರೋಪದಿಂದ ಆ ಗಂಡಸರನ್ನು ಬಿಡುಗಡೆ ಮಾಡಿತು. ಅದಕ್ಕೂ ಮೊದಲೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರಲ್ಲಿ, ಕೆಲಸದ ಜಾಗದ ಕಿರುಕುಳ ತಡೆಯಲು ನಿಯಮ ಹಾಕಿದ ವಿಶಾಖಾ ತೀರ್ಪು ಬಂತು, ಅದಾಗಿ ಹದಿನಾರು ವರ್ಷಕ್ಕೆ ಕಾಯ್ದೆ. ಕೆಲಸ ಮಾಡಲು ಹೋದ ಹೆಂಗಸಿಗೆ ಕೆಲಸದ ಕಾರಣಕ್ಕೇ ಹಿಂಗಾದರೆ ಹೊಣೆ ಯಾರದ್ದು, ಅನ್ನೋ ಪ್ರಶ್ನೆ ಶುರುವಾಗಿದ್ದು ಅಲ್ಲಿಂದ.

ಈಗ ಅರ್ಜಿ. ಆಂತರಿಕ ಸಮಿತಿಯ ಅಧ್ಯಕ್ಷೆಯ ಹೆಸರಿಗೆ ಬರೆಯಿರಿ. ಎಚ್‌ಆರ್ ಕೈಗೆ ಬಾಯಿಮಾತಲ್ಲಿ ಹೇಳಿದ್ದು ದೂರು ಅಲ್ಲ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಬೇಕು ಅಂತ ಯಾರಾದರೂ ಅಂದರೆ ಸುಮ್ನೆ ಹೆದರಿಸ್ತಿದ್ದಾರೆ ಅಂತ ತಿಳ್ಕೊಳ್ಳಿ. ಬರೆಯೋಕೆ ಬರದಿದ್ದರೆ ಬರೆಸಿಕೊಳ್ಳಲು ನೆರವಾಗುವುದು ಸಮಿತಿಯದೇ ಕೆಲಸ, ಕಾಯ್ದೆಯಲ್ಲೇ ಇದೆ. ಹೀಗೆ ಶುರು ಮಾಡಬಹುದು:

'ನಾನು ಎರಡನೇ ಮಹಡಿಯ ಮೂರನೇ ಲೈನಿನಲ್ಲಿ ಟೈಲರ್. ಮಾರ್ಚ್ 4ರಂದು ಮಧ್ಯಾಹ್ನ ಊಟದ ಬೆಲ್‌ಗೆ ಮುಂಚೆ, ನಾನು ಮಿಷನ್ ಮೇಲೆ ಕೂತಿದ್ದಾಗ, ಲೈನ್ ಸೂಪರ್‌ವೈಸರ್ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. ಕೈ ತೆಗೆಯಿರಿ ಅಂದೆ. ಸಂಜೆ ಒಬ್ಬಳೇ ಇರು, ಪೀಸ್ ಕಮ್ಮಿ ಮಾಡ್ತೀನಿ ಅಂದರು. ಪಕ್ಕದ ಮಿಷನ್‌ನವರು ನೋಡಿದ್ದಾರೆ.'

ನೋಡಿ, ಇದರಲ್ಲಿ ಅಳು ಇಲ್ಲ, ಶಾಪ ಇಲ್ಲ. ಅಳು ಬಂದರೆ ಅತ್ತು ಆಮೇಲೆ ಬರೆಯಿರಿ. ಒಂದಕ್ಕಿಂತ ಜಾಸ್ತಿ ಸಲ ನಡೆದಿದ್ದರೆ ಒಂದೊಂದನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಸಾಕ್ಷಿಗಳ ಹೆಸರು, ವಿಳಾಸ ಕೊನೆಯಲ್ಲಿ. ಸಾಕ್ಷಿ ಇಲ್ಲ ಅಂತ ಅರ್ಜಿ ನಿಲ್ಲಿಸಬೇಡಿ, ಇಂಥದ್ದನ್ನೆಲ್ಲ ನಾಲ್ಕು ಜನರ ಮುಂದೆ ಮಾಡೋರು ಕಮ್ಮಿ ಅಲ್ವಾ. ದೂರನ್ನು ಸಾಬೀತು ಮಾಡಲು ಆಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಆಗಲ್ಲ, ನಿಮ್ಮ ಮೇಲೆ ಕ್ರಮವೂ ತಗೊಳ್ಳೋ ಹಾಗಿಲ್ಲ.

ನಿಯಮದ ಪ್ರಕಾರ ಆರು ಪ್ರತಿ ಕೊಡಬೇಕು. ಏಳು ಮಾಡಿಸಿ. ಏಳನೆಯದರ ಮೇಲೆ ತಾರೀಖು ಹಾಕಿಸಿ ಸಹಿ ಮಾಡಿಸಿಕೊಳ್ಳಿ. ಸಹಿ ಮಾಡಲ್ಲ ಅಂದರೆ ಜಗಳಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು, ಸಾಲಾಗಿ ನಡೆದಿದ್ದರೆ ಕೊನೆಯದರಿಂದ ಲೆಕ್ಕ. ತಡವಾದರೆ ಸಮಿತಿ ಕಾರಣ ಬರೆದು ಇನ್ನೂ ಮೂರು ತಿಂಗಳವರೆಗೆ ಸಮಯ ಕೊಡಬಹುದು. ಆದರೆ ಅದನ್ನು ನಂಬಿಕೊಂಡು ಕೂರಬೇಡಿ. 'ಹಬ್ಬ ಮುಗೀಲಿ, ಬೋನಸ್ ಬರಲಿ' ಅಂತ ಕಾದು ಕಳ್ಕೊಂಡವರನ್ನು ನೋಡಿದ್ದೀನಿ.

ಸಮಿತಿಯೇ ಇಲ್ಲದಿದ್ದರೆ? ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ ಇರಲೇಬೇಕು, ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಇಲ್ಲವೇ ಮಾಲೀಕನೇ ತಪ್ಪು ಮಾಡಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳ್ತಾರೆ. ಮಹಿಳಾ ಸಹಾಯವಾಣಿ 181 ಕೂಡ ಇದೆ. ಪೊಲೀಸ್ ದಾರಿ ಬೇರೆ, ಎರಡನ್ನೂ ಒಟ್ಟಿಗೆ ಹಿಡಿಯಬಹುದು: ಲೈಂಗಿಕ ಕಿರುಕುಳಕ್ಕೆ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಅವನು ಬೇರೆ ಜಾತಿಯವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ವಿಷಯವನ್ನೂ ಪೊಲೀಸರಿಗೆ ಬಾಯಿಬಿಟ್ಟು ಹೇಳಿ. ಜಾತಿ ಹಿಡಿದು ಬೈದಿದ್ದರೆ ಆ ಮಾತನ್ನೂ ಅರ್ಜಿಯಲ್ಲಿ ಹಾಗೇ ಬರೆಯಿರಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ, ನಂಬರ್ 15100.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟು ದಿನ ಅದೇ ಲೈನಿನಲ್ಲಿ ಅವನ ಕೈಕೆಳಗೆ ಹೇಗೆ ಕೂರೋದು? ಕೂರಬೇಕಿಲ್ಲ. ಅವನನ್ನೋ ನಿಮ್ಮನ್ನೋ ಬೇರೆ ಕಡೆ ಹಾಕಿ ಅಂತ, ಇಲ್ಲವೇ ರಜೆ ಕೊಡಿ ಅಂತ ಬರೆದು ಕೇಳಿ. ಮೂರು ತಿಂಗಳವರೆಗೆ ರಜೆ ಕೊಡಿಸಬಹುದು, ನಿಮ್ಮ ಮಾಮೂಲಿ ರಜೆಯಲ್ಲಿ ಕಳೆಯದೆ. ಬಾಯಲ್ಲಿ ಕೇಳಿದರೆ ಆಗಲ್ಲ, ಬರೆದೇ ಕೇಳಬೇಕು. ವಿಚಾರಣೆಗೆ ವಕೀಲರನ್ನು ಇಬ್ಬರೂ ತರೋ ಹಾಗಿಲ್ಲ, ಹಾಗಾಗಿ ನಿಮ್ಮ ನೋಟ್‌ಬುಕ್ಕೇ ನಿಮ್ಮ ವಕೀಲ.

ನಡುವೆ ಯಾರಾದರೂ ಬರ್ತಾರೆ. 'ಅಕ್ಕಾ, ಅವನಿಗೂ ಹೆಂಡ್ತಿ ಮಕ್ಕಳಿದ್ದಾರೆ, ಕಾಲಿಗೆ ಬೀಳಿಸ್ತೀವಿ, ಬಿಟ್ಬಿಡಿ' ಅಂತಾರೆ. ರಾಜಿ ಕೇಳಬೇಕಾದ್ದು ನೀವು, ಬೇರೆ ಯಾರೂ ನಿಮ್ಮ ಮೇಲೆ ಹೇರುವ ಹಾಗಿಲ್ಲ. ದುಡ್ಡಿನ ಮೇಲೆ ರಾಜಿ ಮಾಡಿಸುವಂತೆಯೂ ಇಲ್ಲ. ಇನ್ನೊಂದು, ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಮ್ಮಲ್ಲಿ ಒಬ್ಬಳು ಹೇಳಿಕೆ ಅಂತ ನಂಬಿ ಸಹಿ ಹಾಕಿದ್ದು ರಾಜೀನಾಮೆ ಆಗಿತ್ತು. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ, ಓದೋವರೆಗೂ ಪೆನ್ನು ಮುಟ್ಟಬೇಡಿ.

ವಿಚಾರಣೆ ಮುಗಿದ ಹತ್ತು ದಿನದಲ್ಲಿ ವರದಿ ನಿಮಗೂ ಸಿಗಬೇಕು, ಕೇಳಿ ತಗೊಳ್ಳಿ. ಶಿಫಾರಸು ಬಂದ ಮೇಲೆ ಕಂಪನಿಗೆ ಕ್ರಮ ತಗೊಳ್ಳಲು 60 ದಿನ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿಗೆ 90 ದಿನ. ಈ ಎಲ್ಲಾ ಕಾಗದದ ಒಂದು ಸೆಟ್ ಕಾರ್ಖಾನೆಯ ಲಾಕರ್‌ನಲ್ಲಿ ಇಡಬೇಡಿ, ಅಕ್ಕನ ಮನೆಯಲ್ಲೋ ಗೆಳತಿ ಮನೆಯಲ್ಲೋ ಇಡಿ.