ಕ್ಲಚ್ ಒತ್ತಿದರೆ ಕೂಗುವ ಹಳೆಯ ಕಾರು

ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಯಾವ ತಕರಾರೂ ಇಲ್ಲ. ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟೊಡನೆ ಅಡಿಯಿಂದ ಎಣ್ಣೆ ಕಾಣದ ರಾಟೆಯಂತೆ ಕಿರ್ರೆಂಬ ಸದ್ದು. ಕಾಲು ತೆಗೆದರೆ ಮತ್ತೆ ಮೌನ. ಹಳೆಯ ಕಾರು ಹೀಗೆ ನಡೆದುಕೊಂಡರೆ ಮೊದಲ ಅನುಮಾನ ರಿಲೀಸ್ ಬೇರಿಂಗಿನ ಮೇಲೆ, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ಬೇರಿಂಗಿನ ಮೇಲೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ವಸ್ತು ಅದು. ಆದರೆ ಅದನ್ನು ಮುಟ್ಟಬೇಕಾದರೆ ಇಡೀ ಗೇರ್‌ಬಾಕ್ಸ್ ಕೆಳಗಿಳಿಯಬೇಕು. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸವೆಂದರೆ ಇದೇ. ಆದ್ದರಿಂದ ಅಗೆಯುವ ಮೊದಲು ಇಲಿ ಅಲ್ಲಿಯೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಗೆದ ಮೇಲೆ ಬಿಲದಲ್ಲಿ ಇನ್ನೇನೇನಿದೆ ಎಂದೂ ನೋಡಿಬಿಡಿ.

ಪರೀಕ್ಷೆ ಸುಲಭ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ. ಪೆಡಲ್ ಒತ್ತಿದಾಗ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್. ಇದಕ್ಕೆ ತದ್ವಿರುದ್ಧವಾಗಿ ಪೆಡಲ್ ಬಿಟ್ಟಾಗ ಸದ್ದು ಇದ್ದು, ಒತ್ತಿದಾಗ ಮಾಯವಾದರೆ ತಪ್ಪು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಎಂಜಿನ್ನಿನ ತಿರುಗುವಿಕೆಯನ್ನು ಒಳಗೆ ತರುವ ದಂಡ) ಬೇರಿಂಗಿನದು. ಕ್ಲಚ್ ಒತ್ತಿದೊಡನೆ ಆ ಶಾಫ್ಟ್ ತಿರುಗುವುದು ನಿಲ್ಲುವುದರಿಂದ ಸದ್ದೂ ನಿಲ್ಲುತ್ತದೆ. ಎಂಜಿನ್ ಏರಿ ಕೂಗಿದರೂ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಆಗಲೂ ಮೊದಲು ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ ನೋಡಿ. ಬಿಗಿಯಾದ ಕೇಬಲ್ ಬೇರಿಂಗನ್ನು ಸದಾ ಒತ್ತಿ ಹಿಡಿದು ಸವೆಸುತ್ತದೆ, ಎಂಜಿನ್ನಿಗೆ ಒತ್ತಿಕೊಂಡು ಗೇರ್‌ಬಾಕ್ಸನ್ನು ತಿರುಗಿಸುವ ಕ್ಲಚ್ ಪ್ಲೇಟನ್ನೂ ಜಾರಿಸುತ್ತದೆ. ಓಡಿಸುವಾಗ ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಇರುವವರು ಮಾಡುವುದೂ ಅದನ್ನೇ.

ಇಲ್ಲಿ ಹೇಳುತ್ತಿರುವುದು ಹಿಂದಿನ ಚಕ್ರಗಳು ಎಳೆಯುವ, ಕೇಬಲ್ ಕ್ಲಚ್ಚಿನ ಹಳೆಯ ಕಾರಿನ ಕೆಲಸ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಬದಲು ಎರಡು ಡ್ರೈವ್ ಶಾಫ್ಟ್‌ಗಳನ್ನು ಬಿಚ್ಚಬೇಕು, ಎಂಜಿನ್ನನ್ನು ಮೇಲಿನಿಂದ ಹಿಡಿದು ನಿಲ್ಲಿಸಬೇಕು. ಉಳಿದ ತರ್ಕ ಒಂದೇ.

ಗೇರ್‌ಬಾಕ್ಸ್ ಇಳಿಸುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರನ್ನು ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಬೇಡಿ, ಅರೆ ನಿಮಿಷಕ್ಕೂ ಬೇಡ. ಗೇರ್ ಆಯಿಲ್ ಬಸಿಯಿರಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಬೋಲ್ಟಿನಿಂದ ಒಂದಕ್ಕೊಂದು ಸೇರುವ ಎರಡೂ ಫ್ಲ್ಯಾಂಜ್‌ಗಳ ಮೇಲೆ ಅಡ್ಡಲಾಗಿ ಬಣ್ಣದ ಗೆರೆ ಎಳೆಯಿರಿ; ಹಾಗೆಯೇ ಮರಳಿ ಕೂರಿಸದಿದ್ದರೆ ಕಾರು ನಡುಗುವ ಸಾಧ್ಯತೆಯಿದೆ. ಸ್ಟಾರ್ಟರ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ದೀಪದ ತಂತಿ, ಗೇರ್ ಲಿವರ್, ಕ್ಲಚ್ ಕೇಬಲ್ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಗೇರ್‌ಬಾಕ್ಸಿನ ಆಧಾರ ಪಟ್ಟಿ ಬಿಚ್ಚಿದೊಡನೆ ಎಂಜಿನ್ ಹಿಂದಕ್ಕೆ ವಾಲುತ್ತದೆ. ಅದಕ್ಕೂ ಮೊದಲೇ ಆಯಿಲ್ ಸಂಪಿನ ಅಡಿಗೆ ಮರದ ತುಂಡು ಇಟ್ಟು ಜಾಕ್ ಕೊಡಿ. ಗೇರ್‌ಬಾಕ್ಸಿಗೆ ಬೇರೆಯೇ ಜಾಕ್ ಬೇಕು. ಸಣ್ಣ ಕಾರಿನದ್ದೂ 25–30 ಕಿಲೋ ತೂಗಬಹುದು, ಮಲಗಿಕೊಂಡು ಎದೆಯ ಮೇಲೆ ಹೊರುವ ಭಾರ ಅದಲ್ಲ. ಬೆಲ್ ಹೌಸಿಂಗಿನ, ಅಂದರೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚದ ಬೋಲ್ಟುಗಳು ಹೊರಬಂದ ಮೇಲೆ ನೇರವಾಗಿ ಹಿಂದಕ್ಕೆ ಎಳೆಯಿರಿ. ಶಾಫ್ಟ್ ಪ್ಲೇಟಿನಿಂದ ಪೂರ್ತಿ ಹೊರಬರುವ ತನಕ ಗೇರ್‌ಬಾಕ್ಸ್ ಜೋತುಬೀಳಬಾರದು. ಜೋತುಬಿದ್ದರೆ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ.

ಬಿಲದಲ್ಲಿ ಏನಿದೆ?

ಬೆಲ್ ಹೌಸಿಂಗಿನೊಳಗೆ ಕಪ್ಪು ದೂಳು ತುಂಬಿರುತ್ತದೆ. ಊದಬೇಡಿ, ಗಾಳಿ ಹೊಡೆಯಲೂ ಬೇಡಿ: ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುವುದುಂಟು, ಶ್ವಾಸಕೋಶ ಸೇರಿದರೆ ಅದು ಹೊರಬರುವುದಿಲ್ಲ. ತಕ್ಕ ಮುಖಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಬೇರಿಂಗ್ ಈಗ ಕಣ್ಣೆದುರಿಗಿದೆ, ಅದನ್ನು ತಳ್ಳುವ ಕವಲಾದ ಫೋರ್ಕಿಗೆ ಕ್ಲಿಪ್ಪಿನಿಂದ ಸಿಕ್ಕಿಕೊಂಡಿದೆ. ಯಾವ ಮುಖ ಎತ್ತ ಇದೆ ಎಂದು ನೋಡಿಕೊಂಡು ಕಳಚಿ, ಬೆರಳಿನಿಂದ ತಿರುಗಿಸಿ. ಕರಕರ ಎಂದರೆ ನಿಮ್ಮ ಅನುಮಾನ ನಿಜವಾಯಿತು. ಕೆಲವು ಕಾರುಗಳಲ್ಲಿ ಬೇರಿಂಗ್ ತನ್ನ ತೋಳಿನ (ಅದು ಕೂರುವ ಕೊಳವೆಯ) ಸಮೇತ ಬರುತ್ತದೆ, ಕೆಲವದರಲ್ಲಿ ಹಳೆಯ ತೋಳಿಗೇ ಹೊಸದನ್ನು ವೈಸ್‌ನಲ್ಲಿ ಒತ್ತಿ ಕೂರಿಸಬೇಕು. ಒತ್ತುವಾಗ ಬಲವೆಲ್ಲ ತೋಳನ್ನು ಹಿಡಿಯುವ ಉಂಗುರದ ಮೇಲೆಯೇ ಸಮನಾಗಿ ಬೀಳಲಿ, ಸುತ್ತಿಗೆ ದೂರವಿರಲಿ. ಹೊಸ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯುವ ಚಟ ಕೆಲವರಿಗಿದೆ. ಒಳಗೆ ತುಂಬಿಸಿ ಕಳಿಸಿದ ಗ್ರೀಸ್ ತೊಳೆದುಹೋದರೆ ಅದು ಹಳೆಯದಕ್ಕಿಂತ ಬೇಗ ಸಾಯುತ್ತದೆ. ಬೇರಿಂಗ್ ಜಾರುವ ನಳಿಗೆಗೆ, ಫೋರ್ಕ್ ಕೂರುವ ಗುಂಡಿಗೆ ತೆಳುವಾಗಿ ಗ್ರೀಸ್ ಸವರಿ. ನಳಿಗೆಯಲ್ಲಿ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ.

ಇಲ್ಲಿಗೇ ಮುಚ್ಚಿಬಿಡುವ ಆಸೆ ಹುಟ್ಟುತ್ತದೆ. ಬೇಡ. ಕ್ಲಚ್ ಪ್ಲೇಟನ್ನು ಎಂಜಿನ್ನಿನ ಹಿಂಬದಿಯ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಸಡಿಲಿಸಿ ಕ್ಲಚ್ ಪ್ಲೇಟ್ ಹೊರತೆಗೆಯಿರಿ. ಪ್ಲೇಟಿನ ಮೇಲಿನ ಉಜ್ಜುವ ಪದರವಾದ ಲೈನಿಂಗ್ ರಿವೆಟ್ಟಿನ ತಲೆಗಿಂತ 0.3 ಮಿಲಿಮೀಟರಿನಷ್ಟೇ ಎತ್ತರ ಉಳಿದಿದ್ದರೆ ಅದರ ಆಯುಷ್ಯ ಮುಗಿದಿದೆ. ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳಲ್ಲಿ ಬೇರಿಂಗ್ ಕೊರೆದ ಗುಳಿ, ಫ್ಲೈವೀಲ್‌ನಲ್ಲಿ ನೀಲಿ ಕಲೆ, ಬಿರುಕು, ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲಿನಲ್ಲಿ ಜಿನುಗು, ಇವನ್ನೆಲ್ಲ ನೋಡಬೇಕಾದ ಗಳಿಗೆ ಇದೇ. ನನ್ನ ಮಟ್ಟಿಗೆ ಪ್ಲೇಟ್ ಅರೆ ಸವೆದಿದ್ದರೂ ಇಡೀ ಸೆಟ್ ಬದಲಿಸುವುದೇ ಲೇಸು. ಮತ್ತೆ ಈ ಬೆಟ್ಟ ಅಗೆಯುವ ಉತ್ಸಾಹ ಯಾರಿಗಿದೆ?

ಮರಳಿ ಜೋಡಿಸುವುದು

ಪ್ಲೇಟಿನ ಮೇಲೆ ಫ್ಲೈವೀಲ್ ಕಡೆಯ ಗುರುತಿರುತ್ತದೆ. ಉಬ್ಬಿದ ಸ್ಪ್ರಿಂಗ್‌ಗಳ ಭಾಗ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಕಡೆಗೆ. ಮಧ್ಯ ಹೊಂದಿಸುವ ಕಡ್ಡಿಯನ್ನು ಪ್ಲೇಟಿನ ನಡುವೆ ತೂರಿಸಿಯೇ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಕೊನೆಯ ಬಿಗಿತ ಕೈಪಿಡಿಯ ಅಳತೆಗೆ. ನಾನೊಮ್ಮೆ ಕಡ್ಡಿಯಿಲ್ಲದೆ ಕಣ್ಣಳತೆಯಲ್ಲಿ ಬಿಗಿದು, ಗೇರ್‌ಬಾಕ್ಸ್ ಒಳಹೋಗದೆ ಒಂದಿಡೀ ಮಧ್ಯಾಹ್ನ ಕಾರಿನಡಿ ಮಲಗಿ ಗೊಣಗಿದ್ದೇನೆ. ಇನ್‌ಪುಟ್ ಶಾಫ್ಟಿನ ಮೇಲಿನ ಹಲ್ಲುಗಳಾದ ಸ್ಪ್ಲೈನ್‌ಗೆ ಗ್ರೀಸ್ ಉಗುರಿನ ತುದಿಯಷ್ಟು ಸಾಕು, ಹೆಚ್ಚಾದರೆ ಅದು ಹಾರಿ ಲೈನಿಂಗಿಗೆ ಅಂಟುತ್ತದೆ.

ಗೇರ್‌ಬಾಕ್ಸನ್ನು ಗೇರಿನಲ್ಲಿಟ್ಟು, ಹಿಂಬದಿಯ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತಾ ತಳ್ಳಿ. ಹಲ್ಲುಗಳು ಹೊಂದಿದಾಗ ಅದು ತಾನಾಗಿ ಜಾರುತ್ತದೆ. ಬೋಲ್ಟ್ ಬಿಗಿದು ಎಳೆದುಕೊಳ್ಳುವ ಉಪಾಯ ಬೇಡ, ಹೌಸಿಂಗ್ ಸೀಳೀತು. ಆಯಿಲ್ ತುಂಬಿ, ಪೆಡಲಿನ ಸಡಿಲವನ್ನು ಕೈಪಿಡಿಯಂತೆ ಹೊಂದಿಸಿ.

ಹೊಸ ಪ್ಲೇಟ್ ಹಾಕಿದ್ದರೆ ಮೊದಲ ಕೆಲವು ನೂರು ಕಿಲೋಮೀಟರ್ ಹದವಾಗಿ ಓಡಿಸಿ, ನಂತರ ಕೇಬಲನ್ನು ಮತ್ತೊಮ್ಮೆ ಅಳೆಯಿರಿ. ಲೈನಿಂಗ್ ಸವೆದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನತ್ತ ಸರಿಯುತ್ತವೆ, ನೀವು ಬಿಟ್ಟ ಸಡಿಲ ಅಷ್ಟಷ್ಟೇ ಕರಗುತ್ತದೆ.