ತೆಂಗಿನ ತೋಟದ ದಾಲ್ಚಿನ್ನಿ: ನನ್ನ ಅನುಭವ

ಶ್ರೀರಂಗಪಟ್ಟಣದ ಕಡೆ, ನಾಲೆ ನೀರಿನ ತೆಂಗಿನ ತೋಟದಲ್ಲಿ ದಾಲ್ಚಿನ್ನಿ ಬೆಳೀತೀನಿ ಅಂದರೆ ಈಗಲೂ ಕೆಲವರು ನಂಬಲ್ಲ, ಅದು ಮಲೆನಾಡಿನ ಗಿಡ ಅಂತಾರೆ. ತೆಂಗಿನ ನೆರಳು ಅದಕ್ಕೆ ಹಿಡಿಸುತ್ತೆ. ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೇ, ಅದಕ್ಕೇ ಮಣ್ಣು ಏರಿಸಿ ನೆಟ್ಟಿದ್ದೇನೆ. ತಳಿ ನಿತ್ಯಶ್ರೀ, ಕೋಳಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯದು.

ಕೊಯ್ಲಿನ ಕಾಲ ಹೇಳೋದು ಚಿಗುರು. ಕೆಂಪಗೆ ಬಂದ ಹೊಸ ಎಲೆ ಹಸಿರಿಗೆ ತಿರುಗೋ ಹೊತ್ತಿಗೆ ತೊಗಟೆಯಡಿ ರಸ ಓಡಾಡುತ್ತೆ. ಕತ್ತಿ ಮೊನೆಯಲ್ಲಿ ಗೀರಿದರೆ ತೊಗಟೆ ಸಲೀಸಾಗಿ ಏಳಬೇಕು, ಅಂಟಿಕೊಂಡರೆ ಇನ್ನೂ ಕಾಯ್ತೀನಿ. ಹೆಬ್ಬೆರಳು ಗಾತ್ರದ ಕವಲನ್ನ ನೆಲದಿಂದ ಗೇಣಷ್ಟು ಬಿಟ್ಟು ಕಡಿದರೆ ಮೋಟಿನಿಂದ ಮತ್ತೆ ಚಿಗುರೊಡೆಯುತ್ತೆ. ಮೇಲಿನ ಒರಟು ಸಿಪ್ಪೆ ಹೆರೆದು, ಹಿತ್ತಾಳೆ ಸಲಾಕೆಯಿಂದ ಒತ್ತಿ ಉಜ್ಜಿ, ಉದ್ದಕ್ಕೆ ಎರಡು ಕಡೆ ಸೀಳಿ ಬಿಡಿಸಬೇಕು. ಕಡಿದ ದಿನವೇ ಈ ಕೆಲಸ ಮುಗೀಬೇಕು. ಪದರ ಒಂದರೊಳಗೊಂದು ಸೇರಿಸಿ ನೆರಳಲ್ಲಿ ಒಣಗಿಸಿದರೆ ಬೀಡಿಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತೆ.

ಒಂದೇ ಮರ, ಮೂರು ವಾಸನೆ. ತೊಗಟೆ ಎಣ್ಣೆಯಲ್ಲಿ ಹೆಚ್ಚಿರೋದು ಸಿನ್ನಮಾಲ್ಡಿಹೈಡ್, ಎಲೆಯಲ್ಲಿ ಲವಂಗದಲ್ಲಿರೋ ಅದೇ ಯೂಜಿನಾಲ್, ಬೇರಿನ ತೊಗಟೆಯಲ್ಲಿ ಕರ್ಪೂರ. ಕರ್ಪೂರದ ಮರ, ಬೆಣ್ಣೆಹಣ್ಣು, ನಮ್ಮ ಮೈಸೂರು ಅಗರಬತ್ತಿಗೆ ಜಿಗಟು ಕೊಡೋ ಗುಳಮಾವು, ಎಲ್ಲಾ ಇದೇ ಕುಟುಂಬದವು. ಜಿಗಟಿಗಾಗಿ ತೊಗಟೆ ಸುಲಿದೂ ಸುಲಿದೂ ಗುಳಮಾವನ್ನ ಕಾಡಲ್ಲಿ ಹಾಳುಮಾಡಿದ್ದು ನನಗೆ ನಿಜಕ್ಕೂ ಸಂಕಟದ ವಿಷಯ.

ಔಷಧಿ ವಿಚಾರಕ್ಕೆ ಬಂದರೆ, ನಮ್ಮ ಸೋದರತ್ತೆಯ ಮಾತೇ ಹೇಳ್ತೀನಿ. "ಶುಗರ್‌ಗೆ ಒಳ್ಳೇದಂತೆ ಕಣಪ್ಪ, ದಿನಾ ಬೆಳಿಗ್ಗೆ ಒಂದ್ ಚಮಚ ಚಕ್ಕೆ ಪುಡಿ ಬಿಸಿನೀರಿಗೆ ಹಾಕ್ಕೊಂಡು ಕುಡೀತೀನಿ" ಅಂದರು. ಡಬ್ಬಿ ತರಿಸಿ ನೋಡಿದೆ. ದಪ್ಪ, ಗಟ್ಟಿ, ಒಂದೇ ಪದರ, ಕಂದುಗೆಂಪು: ಅಂಗಡಿಯ ಕ್ಯಾಸಿಯಾ. ಅದು ಬೇರೆ ಜಾತಿಯ ಮರ. ನನ್ನ ತೋಟದ್ದು ತೆಳು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ.

ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ರಾಸಾಯನಿಕ ಜಾಸ್ತಿ, ಅತಿಯಾದರೆ ಕೆಲವರ ಲಿವರ್‌ಗೆ ಪೆಟ್ಟು. ದಿನಕ್ಕೆ ದೇಹದ ತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ ಮೀರಬಾರದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಮಿತಿ ಇಟ್ಟಿದೆ. 60 ಕಿಲೋ ಇರೋರಿಗೆ 6 ಮಿಲಿಗ್ರಾಂ. ಒಂದು ಚಮಚ ಕ್ಯಾಸಿಯಾ ಪುಡಿಯೇ ಅದನ್ನ ದಾಟಿಸಬಹುದು. ಪಲಾವಿಗೆ ಹಾಕೋ ಒಂದು ತುಂಡಿಗೆ ಹೆದರಬೇಕಿಲ್ಲ.

"ಮಾತ್ರೆ ಬಿಡಬೇಡಿ ಅತ್ತೆ, ಇದನ್ನ ಕುಡೀತೀನಿ ಅಂತ ಡಾಕ್ಟರಿಗೂ ಹೇಳಿ" ಅಂದೆ. ಸಕ್ಕರೆ ಇಳಿಸೋ ಗುಣದ ಬಗ್ಗೆ ಪ್ರಯೋಗಗಳು ನಡೆದಿವೆ, ಫಲಿತಾಂಶ ಒಂದೇ ತರಹ ಬಂದಿಲ್ಲ. ಮಾತ್ರೆಯ ಜಾಗಕ್ಕೆ ಇದನ್ನ ಕೊಡೋಕೆ ನನಗೆ ಮನಸ್ಸಿಲ್ಲ.

ನಮ್ಮನೇಲಿ ಶೀತಕ್ಕೆ ಶುಂಠಿ, ಮೆಣಸಿನ ಜೊತೆ ಸಣ್ಣ ತುಂಡು ಹಾಕಿ, ಪಾತ್ರೆ ಮುಚ್ಚಿ ಕಷಾಯ ಮಾಡ್ತೀವಿ. ಮುಚ್ಚದಿದ್ದರೆ ಎಣ್ಣೆಯಂಶ ಹಬೆಯಲ್ಲೇ ಹೋಗುತ್ತೆ. ಹಲ್ಲು ನೋವಿಗೆ ದಾಲ್ಚಿನ್ನಿ ಎಲೆ ಅಗೀತೀವಿ, ಯೂಜಿನಾಲ್ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತೆ. ತೊಗಟೆ ಎಣ್ಣೆಯನ್ನಂತೂ ಮೈಗೆ ನೇರವಾಗಿ ಹಚ್ಚಬೇಡಿ, ಚರ್ಮ ಉರಿದು ಬೊಬ್ಬೆ ಏಳಬಹುದು.